ಸೊನ್ನೆಗೂ ಮೂಲೆ

ನಮ್ಮ ನಡುಮನೆಯ ಗೋಡೆಯ ಮೇಲೆ ದೇವರ ಪಟಗಳಿಗಿಂತ ಸೊನ್ನೆಗಳೇ ಹೆಚ್ಚಾಗಿದ್ದವು. ಅಪ್ಪ ಬೆಳಿಗ್ಗೆ ಎದ್ದು ಮುಖ ತೊಳೆದು, ಹಣೆಗೆ ವಿಭೂತಿ ಬಳಿದುಕೊಂಡು, ಬಾಯಿಗೆ ಏನನ್ನೂ ಹಾಕಿಕೊಳ್ಳುವ ಮೊದಲು ಬ್ರಶ್ಶನ್ನು ನೀರಿನಲ್ಲಿ ಅದ್ದಿ ಆ ಗೋಡೆಯ ಮೇಲೆ ಒಂದು ಸೊನ್ನೆ ಬರೆಯುತ್ತಿದ್ದ. ಕೈ ಎತ್ತುವಂತಿರಲಿಲ್ಲ, ಉಸಿರು ಬಿಡುವಂತಿರಲಿಲ್ಲ. ಒಂದೇ ಸುತ್ತು, ಹೊರಟಲ್ಲಿಗೇ ಬಂದು ಸೇರಬೇಕು. ಸೇರಿದರೆ ಆ ದಿನ ಕೆಲಸಕ್ಕೆ ಹೋಗುತ್ತಿದ್ದ. ಸೇರದಿದ್ದರೆ ಜಗಲಿಯ ಮೇಲೆ ಕೂತು ಬಣ್ಣದ ಡಬ್ಬಗಳನ್ನು ತೊಳೆಯುತ್ತ ಹೊತ್ತು ಕಳೆಯುತ್ತಿದ್ದ. ನೀರು ಆರಿದ ಮೇಲೂ ಸುಣ್ಣದಲ್ಲಿ ಒಂದು ಮಾಸಲು ಗುರುತು ಉಳಿಯುತ್ತಿತ್ತು. ಅಂಥ ಗುರುತುಗಳು ಒಂದರ ಮೇಲೊಂದು ಕೂತು, ಸಂಜೆಯ ಓರೆ ಬಿಸಿಲು ಬಿದ್ದಾಗ ಗೋಡೆಯೆಲ್ಲ ಹನಿ ಬಿದ್ದ ಕೆರೆಯ ಹಾಗೆ ಕಾಣುತ್ತಿತ್ತು. ನಾನೂ ನನ್ನ ತಮ್ಮ ಮಾದೇವನೂ ಅಕ್ಷರ ಕಲಿಯುವ ಮೊದಲು ಸೊನ್ನೆ ಕಲಿತೆವು. ಅಪ್ಪ ನಮ್ಮ ಬೆರಳು ಹಿಡಿದು ನೀರಿನಲ್ಲಿ ಅದ್ದಿ ಸುತ್ತಿಸುತ್ತಿದ್ದ. ಮಾದೇವನ ಸೊನ್ನೆ ಬಹುಬೇಗ ಸೇರಿತು. ನನ್ನದು ಒಂದು ಕಡೆ ಬಾಯಿ ಬಿಟ್ಟೇ ಇರುತ್ತಿತ್ತು.

“ಇರ್ಲಿ ಬುಡು ಕೂಸು. ಎಣ್ಮಗಿನ ಸೊನ್ನೆ ಒಲೆ ಬಾಯಿ ಇದ್ದಂಗೆ, ಒಂದ್ ಕಡೆ ತೆರ್ಕಂಡೇ ಇರ್ಬೇಕು.”

ಹೀಗೆ ಹೇಳಿ ಅಪ್ಪ ನಗುತ್ತಿದ್ದ. ಅವನು ಬೋರ್ಡು ಬರೆಯುವವನು. ಗುರುಮಲ್ಲಪ್ಪ ಎಂದರೆ ಕೊಳ್ಳೇಗಾಲದಲ್ಲಿ ಯಾರಾದರೂ ಮನೆ ತೋರಿಸುತ್ತಿದ್ದರು. ರೇಷ್ಮೆ ಅಂಗಡಿಗಳ ಹೆಸರು, ಹೋಟೆಲುಗಳ ಹೆಸರು, ಯಳಂದೂರಿನ ಕಚೇರಿಗಳ ಹಲಗೆ, ಮಾಂಬಳ್ಳಿಯ ಶಾಲೆಯ ಗೋಡೆಯ ನೀತಿಮಾತು, ಎಲ್ಲ ಅವನ ಕೈಯದೇ. ಅವನ ಅಕ್ಷರಗಳನ್ನು ಜನ ಬೆಣ್ಣೆಯುಂಡೆ ಎನ್ನುತ್ತಿದ್ದರು. ನಮ್ಮ ಊರು ಮದರಾಸಿನ ಕಡೆಯಿಂದ ಮೈಸೂರಿನ ಕಡೆಗೆ ಸೇರಿದ ಕಾಲ ಅದು. ಹಳೆಯ ಬೋರ್ಡುಗಳನ್ನು ಒಂದೊಂದಾಗಿ ಇಳಿಸಿ ನಮ್ಮ ಜಗಲಿಗೆ ತರುತ್ತಿದ್ದರು. ತಮಿಳು ಅಕ್ಷರಗಳ ಮೇಲೆ ಬಿಳಿ ಬಣ್ಣ ಹೊಡೆದು, ಒಣಗಿಸಿ, ಅದರ ಮೇಲೆ ಕನ್ನಡ ಬರೆಯುವುದು ಅಪ್ಪನ ಕೆಲಸ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಬಿಳಿ ಬಣ್ಣ ತೆಳುವಾಗಿ, ಅಡಿಯ ತಮಿಳು ನೆರಳಿನ ಹಾಗೆ ಮೇಲೆ ಬರುತ್ತಿತ್ತು. ದೊಡ್ಡವರಿಗೆ ಅದು ಕಾಣುತ್ತಿತ್ತೋ ಇಲ್ಲವೋ, ಮಾದೇವ ಮಾತ್ರ ಆ ನೆರಳನ್ನೇ ನೋಡುತ್ತ ನಿಲ್ಲುತ್ತಿದ್ದ. ತಮಿಳಿನ ‘ಟ’ಕ್ಕೆ ಒಂದು ಮೂಲೆ, ‘ಪ’ಕ್ಕೆ ಎರಡು ಮೂಲೆ. ಅಪ್ಪನ ದುಂಡನೆಯ ಕನ್ನಡದ ಹಿಂದಿನಿಂದ ಆ ಮೂಲೆಗಳು ಇಣುಕುತ್ತಿದ್ದವು. ತನ್ನ ಅಕ್ಷರಗಳು ಹುಟ್ಟಿದ್ದು ಅಲ್ಲಿಂದ ಎಂದು ಮಾದೇವ ಮುಂದೆ ನನ್ನೊಬ್ಬಳಿಗೇ ಹೇಳಿದ.

ನಾನು ಮೂರನೆಯ ತರಗತಿಗೆ ಶಾಲೆ ಬಿಟ್ಟೆ. ಅವ್ವನಿಗೆ ಉಬ್ಬಸ. ಒಲೆಯ ಹೊಗೆ ತಾಕಿದರೆ ಎದೆ ಹಿಡಿದುಕೊಂಡು ಕೂತುಬಿಡುತ್ತಿದ್ದಳು. ಅಡುಗೆಮನೆ ನನ್ನ ಪಾಲಿಗೆ ಬಂತು. ಅದು ಕತ್ತಲೆಯ ಕೋಣೆ. ಮೇಲೆ ಒಂದು ಗವಾಕ್ಷಿ, ಕೆಳಗೆ ಎರಡು ಒಲೆ, ಗೋಡೆಗೆ ಒರಗಿಸಿದ ಮುದ್ದೆ ಕೋಲು. ನಮ್ಮದು ನೇಕಾರರ ಬೀದಿಯ ಕೊನೆಯ ಮನೆ. ಹಗಲೆಲ್ಲ ಅಕ್ಕಪಕ್ಕದ ಮಗ್ಗಗಳ ಸದ್ದು ಕೇಳುತ್ತಿತ್ತು. ಅದು ನಿಂತರೆ ಊಟದ ಹೊತ್ತಾಯಿತು ಎಂದು ತಿಳಿದು ನಾನು ಎಸರಿಗೆ ಹಿಟ್ಟು ಹಾಕುತ್ತಿದ್ದೆ. ಶಾಲೆಯಲ್ಲಿ ಕಲಿತ ನಾಲ್ಕು ಅಕ್ಷರ ವರ್ಷ ಕಳೆಯುವುದರಲ್ಲಿ ಮರೆತುಹೋದವು. ಬೋರ್ಡು ಬರೆಯುವವನ ಮಗಳಿಗೆ ಬೋರ್ಡು ಓದಲು ಬರುತ್ತಿರಲಿಲ್ಲ. ಅದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮಾದೇವ ಮೀಸೆ ಚಿಗುರುವ ಹೊತ್ತಿಗೆ ಪ್ರಿಂಟಿಂಗ್ ಪ್ರೆಸ್ಸೊಂದರಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದ್ದ. ಲಗ್ನಪತ್ರಿಕೆ, ರಸೀದಿಗಳಿಗೆ ಸೀಸದ ಮೊಳೆಗಳು ಸಾಕಾಗುತ್ತಿದ್ದವು. ಟೂರಿಂಗ್ ಟಾಕೀಸಿನವರ ಪೋಸ್ಟರಿಗೆ, ರೇಷ್ಮೆಗೂಡಿನ ವ್ಯಾಪಾರಿಗಳ ದೊಡ್ಡ ಜಾಹೀರಾತಿಗೆ ಗೇಣುದ್ದದ ಅಕ್ಷರ ಬೇಕು. ಅಷ್ಟು ದೊಡ್ಡವನ್ನು ಮರದಲ್ಲೇ ಕೆತ್ತಬೇಕು. ಪ್ರೆಸ್ಸಿನಲ್ಲಿದ್ದ ಹಳೆಯ ಮರದಕ್ಷರಗಳು ದುಂಡಗೆ, ಸಪೂರವಾಗಿ, ಅಂಚು ಸೀಳಿ ಹೋಗಿದ್ದವು. ಗೋಡೆಗೆ ಅಂಟಿಸಿ ಹತ್ತು ಮಾರು ಹಿಂದೆ ಸರಿದರೆ ರ, ಠ, ದ, ಧ ಎಲ್ಲವೂ ಒಂದೇ ಉಂಡೆ. ಪಕ್ಕದ ಮನೆಯವರು ಹಾಳಾದ ಮಗ್ಗವೊಂದನ್ನು ಸೌದೆಗೆ ಹಾಕುವುದರಲ್ಲಿದ್ದಾಗ ಮಾದೇವ ಅದರ ಮರವನ್ನು ಕೇಳಿ ತಂದ. ಎರಡು ತಲೆಮಾರು ಒಣಗಿ, ಕೈ ತಾಕಿ ತಾಕಿ ನುಣುಪಾದ ಮರ; ಇನ್ನು ಬಾಗುವುದಿಲ್ಲ, ಬಿರಿಯುವುದಿಲ್ಲ. ಅದರಲ್ಲಿ ಅವನು ಮೂಲೆಯ ಅಕ್ಷರಗಳನ್ನು ಕೆತ್ತತೊಡಗಿದ.

ಆ ಅಕ್ಷರಗಳನ್ನು ಹೇಗೆ ಹೇಳಲಿ? ಗೆರೆ ಹೆಬ್ಬೆರಳಿನಷ್ಟು ದಪ್ಪ, ಒಳಗಿನ ಬಯಲು ಕಿರುಬೆರಳಿನಷ್ಟು. ‘ರ’ದ ಹೊಟ್ಟೆ ಸುತ್ತಿಕೊಂಡಿರಲಿಲ್ಲ, ನೇರ ಹೋಗಿ, ಮುರಿದು, ಮತ್ತೆ ನೇರ ಹೋಗಿ, ಮತ್ತೆ ಮುರಿದಿತ್ತು. ತಲೆಕಟ್ಟು ಕೊಡಲಿಯಿಂದ ಕಚ್ಚು ಹಾಕಿದ ಹಾಗೆ ಓರೆಯಾಗಿ ನಿಂತಿತ್ತು. ‘ಕಿ’ಯ ಗುಡಿಸು ಗುಡಿಸಲಿನ ಮಾಡಿನಂತಿತ್ತು. ಕಾಗದದ ಮೇಲೆ ಚೌಕ ಹಾಕಿಕೊಂಡು, ಯಾವ ಗೆರೆ ಎಲ್ಲಿ ಮುರಿದರೆ ಅಕ್ಷರದ ಗುರುತು ಕೆಡುವುದಿಲ್ಲ ಎಂದು ಅವನು ತಿಂಗಳುಗಟ್ಟಲೆ ನೋಡಿದ. ಸುತ್ತಾಗಿ ಕೆತ್ತಿದರೆ ಮರದ ಎಳೆ ಅಡ್ಡ ಸಿಕ್ಕಿ ಕಿತ್ತುಬರುತ್ತದೆ, ನೇರ ಕೆತ್ತಿದರೆ ನಿಲ್ಲುತ್ತದೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣವನ್ನು ಊಟದ ಹೊತ್ತಿನಲ್ಲಿ ಅಪ್ಪನಿಗೆ ಹೇಳಿದ.

“ಬಸ್ಸಲ್ಲಿ ಓಗೋನು ನಿಂತ್ಕಂಡು ಓದಕಿಲ್ಲ ಕಣಪ್ಪಾ. ನಿನ್ ಅಕ್ಸರದ ಮೇಲೆ ಕಣ್ಣು ಜಾರ್ಕಂಡು ಓಯ್ತದೆ. ಮೂಲೆ ಇದ್ರೆ ಅಲ್ಲಿ ಎಡವ್ತದೆ. ಎಡವುದ್ರೆ ತಾನೇ ಓದಾದು?”

“ಎಡವ್ಸಕೆ ಅಕ್ಸರ ಬರೀತಾರೇನ್ಲಾ? ಅಕ್ಸರ ಅಂದ್ರೆ ಸರಸ್ವತಿ ಮೈ. ಚುಚ್ಚಬಾರ್ದು. ನಾನು ಬಣ್ಣ ಬಳ್ದು ಮುಚ್ಚಿದ್ನ ನೀನು ಕೆರ್ದು ಈಚೆಗ್ ತಗೀತಿದ್ದೀಯಾ.”

“ಅದು ತಮಿಳಲ್ಲ ಕಣಪ್ಪಾ, ನಮ್ದೇ.”

“ಆಗ್ಲಿ, ‘ರ’ಕ್ಕೆ ಮೂಲೆ ಮಾಡ್ದೆ, ‘ಮ’ಕ್ಕೆ ಮಾಡ್ದೆ. ಸೊನ್ನೆಗೇನ್ ಮಾಡೀಯೆ? ಸೊನ್ನೆಗೂ ಮೂಲೆ ಇಟ್ಟೀಯಾ?”

ಮಾದೇವ ಮಾರನೆಯ ದಿನ ಸೊನ್ನೆಯನ್ನೇ ಕೆತ್ತಿ ತಂದು ಅಪ್ಪನ ತಟ್ಟೆಯ ಪಕ್ಕದಲ್ಲಿಟ್ಟ. ತುದಿಯ ಮೇಲೆ ನಿಲ್ಲಿಸಿದ ಚೌಕ, ನಡುವೆ ಇನ್ನೊಂದು ಸಣ್ಣ ಚೌಕದ ತೂತು. ಅಪ್ಪ ಅದನ್ನು ನೋಡಿದ, ಮುಟ್ಟಲಿಲ್ಲ. ಅಡುಗೆಮನೆಯ ಕಡೆಗೆ ತಿರುಗಿ ಕೂಗಿದ:

“ಏಯ್ ಗೌರಿ, ನಿನ್ ತಮ್ಮನ್ಗೆ ಇನ್ಮೇಲೆ ಮುದ್ದೇನೂ ಚೌಕವಾಗಿ ಕಟ್ಟವ್ವ. ದುಂಡುಗಿರಾದು ಗಂಟ್ಲಲ್ಲಿ ಇಳಿಯಾಕಿಲ್ಲ ಅವ್ನಿಗೆ.”

ನಾನು ಹಾಗೆಯೇ ಮಾಡಿದೆ. ಬಿಸಿ ಮುದ್ದೆಯನ್ನು ಮರದ ಹಲಗೆಯ ಮೇಲೆ ತಟ್ಟಿ, ನಾಲ್ಕು ಮೂಲೆ ಎಳೆದು, ಮಾದೇವನ ತಟ್ಟೆಗೆ ಹಾಕಿದೆ. ಅವ್ವ ನಗುತ್ತ ನಗುತ್ತ ಕೆಮ್ಮು ಹತ್ತಿಸಿಕೊಂಡಳು. ಅಪ್ಪನೂ ನಕ್ಕ. ಮಾದೇವ ಮೊದಲು ಮೂಲೆಗಳನ್ನೇ ಮುರಿದು ನುಂಗಿ, “ಕೊನೆಗೆ ದುಂಡುಗೇ ಆಯ್ತಲ್ಲಕ್ಕ” ಎಂದ. ನಮ್ಮ ಮನೆಯ ಎಲ್ಲರೂ ಒಟ್ಟಿಗೆ ಕೂತು ನಕ್ಕದ್ದರಲ್ಲಿ ನನಗೆ ನೆನಪಿರುವುದು ಅದೇ ಕೊನೆಯದು. ಜಗಳವನ್ನು ನಾನು ಕೈಯಿಂದ ತಿದ್ದಬಲ್ಲೆ ಎಂಬ ಹುಚ್ಚು ಧೈರ್ಯ ನನಗೆ ಬಂದದ್ದೂ ಆ ಮುದ್ದೆಯಿಂದಲೇ ಇರಬೇಕು.

ಕೆತ್ತಿದ ಅಕ್ಷರಗಳ ಮುಖವನ್ನು ಉಪ್ಪುಕಾಗದದಿಂದ ಉಜ್ಜಿ ಮಟ್ಟ ಮಾಡುವ ಕೆಲಸವನ್ನು ಮಾದೇವ ನನಗೆ ಕೊಟ್ಟಿದ್ದ. ಮುಖ ಒಂದು ಕೂದಲಷ್ಟು ಏರುಪೇರಾದರೂ ಮಸಿ ಹಿಡಿಯುವುದಿಲ್ಲ. ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಹಿತ್ತಲ ಬಾಗಿಲಲ್ಲಿ ಕೂತು, ಹಲಗೆಯ ಮೇಲೆ ಕಾಗದ ಹಾಸಿ, ಅಕ್ಷರವನ್ನು ಬೋರಲು ಹಾಕಿ ಉಜ್ಜುತ್ತಿದ್ದೆ. ಅವನು ಹೇಳಿಕೊಟ್ಟ ಪಾಠ ಒಂದೇ.

“ಮುಖ ಉಜ್ಜಕ್ಕ. ಅಂಚು ಮುಟ್ಬೇಡ. ಇದ್ರ ಜೀವ ಇರಾದೇ ಅಂಚಲ್ಲಿ.”

ಆ ಮಧ್ಯಾಹ್ನಗಳಲ್ಲಿ ನನಗೆ ಅಕ್ಷರ ಮತ್ತೆ ಬಂತು. ಕಣ್ಣಿಗೆ ಬರುವ ಮೊದಲು ಬೆರಳಿಗೆ ಬಂತು. ಶಾಲೆಯ ಪುಸ್ತಕದಲ್ಲಿ ಎಲ್ಲ ಒಂದೇ ಥರ ಸುತ್ತಿಕೊಂಡಂತಿದ್ದವು. ಇಲ್ಲಿ ಇದಕ್ಕೆ ಮೂಲೆ ಮೇಲೆ, ಅದಕ್ಕೆ ಕೆಳಗೆ, ಒಂದೊಂದಕ್ಕೂ ಒಂದೊಂದು ಮುಖ. ಅಚ್ಚಿನ ಅಕ್ಷರ ಕನ್ನಡಿಯೊಳಗಿನ ಹಾಗೆ ತಿರುಗಿರುತ್ತದೆಂದು ನನಗೆ ಮೊದಲು ಹೊಳೆಯಲಿಲ್ಲ. ತಿರುಗಿದ್ದನ್ನೇ ಕಲಿತು, ಬೀದಿಯ ಬೋರ್ಡು ನೋಡಿದರೆ ಎಲ್ಲ ತಿರುವುಮುರುವು. ಮಾದೇವ ಅದನ್ನು ಕೇಳಿ ಹೊಟ್ಟೆ ಹಿಡಿದು ನಕ್ಕು, ಮಸಿ ಹಚ್ಚಿ ಕಾಗದದ ಮೇಲೆ ಒತ್ತಿ ತೋರಿಸಿದ. ಮೊದಲ ಪೋಸ್ಟರ್ ಬಸ್ ಸ್ಟ್ಯಾಂಡಿನ ಗೋಡೆಗೆ ಅಂಟಿದ ದಿನ ನಾನು ರಸ್ತೆಯ ಈಚೆ ಬದಿಯಿಂದ ಓದಿದೆ. ‘ಇಂದು ರಾತ್ರಿ’ ಎಂದಿತ್ತು. ಇಪ್ಪತ್ತರ ಹತ್ತಿರದ ಹೆಣ್ಣು, ಜೀವನದಲ್ಲಿ ಮೊದಲ ಸಲ ಗೋಡೆ ಓದಿ, ಸೆರಗಿನಿಂದ ಮುಖ ಒರೆಸಿಕೊಂಡೆ.

ಆ ಅಕ್ಷರಕ್ಕೆ ಬೇಗ ಹೆಸರು ಬಂತು. ಜನ ‘ಮೂಲೆ ಅಕ್ಷರ’ ಎಂದೇ ಕೇಳಿ ಅಚ್ಚು ಹಾಕಿಸುತ್ತಿದ್ದರು. ಒಂದು ದಿನ ಪ್ರೆಸ್ಸಿನ ಯಜಮಾನರು ನಮ್ಮ ಜಗಲಿಗೆ ಬಂದು ಒಂದು ‘ಹ’ವನ್ನು ಎತ್ತಿ ಕೆನ್ನೆಗೆ ಒತ್ತಿ ನೋಡಿದರು.

“ಗಾಜಿನ ಥರ ಇದೆಯಲ್ಲೋ ಮಾದೇವ. ಯಾರ ಕೈ?”

“ನಂದೇ ಸಾ. ನಮ್ಮಕ್ಕ ಸುಮ್ಕೆ ಕೂತಿರ್ತಾಳಲ್ಲ, ಒಂದೀಟು ಉಜ್ಕೊಡ್ತಾಳೆ.”

ಸುಮ್ಮನೆ ಕೂತಿರುತ್ತಾಳೆ. ಬಾಗಿಲ ಹಿಂದೆ ಮಜ್ಜಿಗೆಯ ಲೋಟ ಹಿಡಿದು ನಿಂತಿದ್ದ ನನ್ನ ಬೆರಳ ತುದಿಗಳಲ್ಲಿ ಚರ್ಮ ಸವೆದು ಗೆರೆಗಳೇ ಇರಲಿಲ್ಲ. ಅವನು ಅದನ್ನು ನೋಯಿಸಲು ಹೇಳಿದ ಮಾತಲ್ಲ. ಯಜಮಾನರ ಮುಂದೆ ಹೆಂಗಸರ ಕೆಲಸ ಹೇಳಿಕೊಳ್ಳಲು ನಾಚಿಕೆಯಾಗಿರಬೇಕು. ಆದರೂ ನಾನು ಅದನ್ನು ನುಂಗಲಿಲ್ಲ, ಉಗುಳಲೂ ಇಲ್ಲ, ಬಾಯಲ್ಲೇ ಇಟ್ಟುಕೊಂಡೆ.

ಆಯುಧಪೂಜೆ ಬಂತು. ನಮ್ಮ ಮನೆಯಲ್ಲಿ ಅದು ಯುಗಾದಿಗಿಂತ ದೊಡ್ಡದು. ಬ್ರಶ್ಶುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಮಣೆಯ ಮೇಲೆ ಬಿಳಿ ಬಟ್ಟೆ ಹಾಸಿ ಜೋಡಿಸಿ, ವಿಭೂತಿ ಹಚ್ಚಿ, ಆ ದಿನವೆಲ್ಲ ಅವನ್ನು ಮುಟ್ಟದೆ ಬಿಡುತ್ತಿದ್ದೆವು. ಮಣೆಯ ಮೇಲೆ ಕೂತದ್ದು ಮಾತ್ರ ನಮ್ಮ ಮನೆಯ ಆಯುಧ. ಹಬ್ಬಕ್ಕೆ ಮೊದಲು ಮಾದೇವ ತನ್ನ ಅಕ್ಷರಗಳನ್ನೂ ಮಣೆಗೆ ಇಡಬೇಕೆಂದು ಕೇಳಿದ.

“ಉಳಿ ಇಡು, ಕೊಡತಿ ಇಡು. ಆ ಮುಳ್ಳುಗಳ್ನ ದೇವ್ರ ಮುಂದೆ ಇಡಕಿಲ್ಲ.”

“ಅಂಗಾರೆ ನಾನೂ ಪೂಜೆಗೆ ಕೂರಕಿಲ್ಲ.”

“ಬ್ಯಾಡ ಓಗು. ನಾನೇನ್ ಕರ್ದಿದ್ನಾ?”

ಅವ್ವ ಗೋಡೆ ಹಿಡಿದು ಎದ್ದು ಬಂದು ಇಬ್ಬರ ನಡುವೆ ನಿಂತಳು. ಮಾತಾಡಲು ಹೋದವಳಿಗೆ ಉಸಿರು ಸಿಕ್ಕಿಕೊಂಡು, ಎದೆ ನೀವಿಕೊಳ್ಳುತ್ತ ಅಲ್ಲೇ ಕುಸಿದಳು. ಮಾದೇವ ಅವಳಿಗೆ ನೀರು ಕುಡಿಸಿ, ಟಾಕೀಸಿನವರ ಕೆಲಸಕ್ಕೆಂದು ಹನೂರಿಗೆ ಹೋದ. ಹಬ್ಬದ ದಿನ ಬರುತ್ತೇನೆಂದು ನನಗೆ ಮಾತ್ರ ಹೇಳಿದ. ಹಬ್ಬವಾದ ಮೇಲೆ ಪ್ರೆಸ್ಸಿಗೆ ಹೋಗಬೇಕಿದ್ದ ಅಕ್ಷರಗಳೆಲ್ಲ ಗೋಣಿಚೀಲದಲ್ಲಿ ನನ್ನ ಬಳಿ ಇದ್ದವು.

ಮಾರನೆಯ ಮಧ್ಯಾಹ್ನ ಹಿತ್ತಲ ಬಾಗಿಲಲ್ಲಿ ಕೂತು ಚೀಲ ಬಿಚ್ಚಿದೆ. ಅಪ್ಪನ ಕಣ್ಣಿಗೆ ಹೆಚ್ಚು ಚುಚ್ಚಿದ್ದು ಸೊನ್ನೆಯಲ್ಲವೇ, ಅದರ ನಾಲ್ಕು ತುದಿಯನ್ನು ಒಂದಿಷ್ಟು ತೆಗೆದರೆ ಮಣೆಯ ಮೇಲೆ ಇಡಲು ಒಪ್ಪಬಹುದು, ಮಾದೇವನೂ ಪೂಜೆಗೆ ಕೂರುತ್ತಾನೆ, ಅವ್ವನ ಉಸಿರು ನೆಟ್ಟಗಾಗುತ್ತದೆ ಎಂದುಕೊಂಡೆ. ಮಾದೇವ ಮರ ಉಜ್ಜಲು ಇಟ್ಟುಕೊಂಡಿದ್ದ ಅರ ತೆಗೆದುಕೊಂಡು ಒಂದೊಂದೇ ತುದಿಯನ್ನು ಉಜ್ಜಿದೆ. ಮಗ್ಗದ ಮರ ಮೆತ್ತಗೆ ಪುಡಿಯಾಗಿ ಮಡಿಲಿಗೆ ಬಿತ್ತು. ಸೊನ್ನೆ ಸೊನ್ನೆಯ ಹಾಗಾಯಿತು. ಆದರೆ ಪಕ್ಕದ ‘ರ’ ಈಗ ಮೊದಲಿಗಿಂತ ಚೂಪಾಗಿ ಕಂಡಿತು. ಅದನ್ನೂ ಉಜ್ಜಿದೆ. ಆಮೇಲೆ ‘ಮ’. ಎಲ್ಲಿಯಾದರೂ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಮನೆಯ ಶಾಂತಿಗಾಗಿ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ. ಉಳಿದರ್ಧವನ್ನು ಈಗ ಬರೆಯುತ್ತಿದ್ದೇನೆ: ‘ಸುಮ್ಕೆ ಕೂತಿರ್ತಾಳೆ’ ಎಂಬ ಮಾತು ನನ್ನ ಕೈಯಲ್ಲಿತ್ತು. ಸುಮ್ಮನೆ ಕೂತವಳ ಕೈ ಏನು ಮಾಡಬಲ್ಲದು ಎಂದು ತೋರಿಸುವ ಸುಖ ಒಂದೊಂದು ಮೂಲೆ ಹೋದಾಗಲೂ ನನಗಾಗುತ್ತಿತ್ತು. ಅಂಚು ಮುಟ್ಟಬೇಡ ಎಂದಿದ್ದನಲ್ಲ, ಅಂಚನ್ನೇ ಮುಟ್ಟಿದೆ.

ಚೀಲ ಮುಗಿದ ಮೇಲೆ ಎಲ್ಲವನ್ನೂ ಸಾಲಾಗಿ ಇಟ್ಟು ನೋಡಿದೆ. ಅರ ತಾಕಿದ್ದು ಹೊರಗಿನ ಮೂಲೆಗಳಿಗೆ ಮಾತ್ರ. ಒಳಗಿನ ಇರುಕು ಮೂಲೆಗಳಿಗೆ ಅದರ ತುದಿ ಹೋಗುವಂತಿರಲಿಲ್ಲ. ಹೊರಗೆ ಗುಂಡು, ಒಳಗೆ ಚೂಪು. ಅಪ್ಪನ ಅಕ್ಷರವೂ ಅಲ್ಲ, ಮಾದೇವನ ಅಕ್ಷರವೂ ಅಲ್ಲ. ಸವೆದ ಹಲ್ಲಿನ ಸಾಲು. ಮರವನ್ನು ತೆಗೆಯಬಹುದು, ಮತ್ತೆ ಹಚ್ಚಲಾಗುವುದಿಲ್ಲ. ಪುಡಿಯನ್ನೆಲ್ಲ ಗುಡಿಸಿ ಒಲೆಗೆ ಹಾಕಿದೆ. ಚುರುಚುರು ಎಂದು ಒಂದು ಗಳಿಗೆ ಉರಿದು ಹೋಯಿತು.

ಹಬ್ಬದ ಬೆಳಿಗ್ಗೆ ಅಪ್ಪ ಸ್ನಾನ ಮಾಡಿ ಬಂದಾಗ ಅಕ್ಷರಗಳನ್ನು ಮಣೆಯ ಪಕ್ಕದಲ್ಲಿ ಇಟ್ಟಿದ್ದೆ. ಅವನು ಸೊನ್ನೆಯನ್ನು ಎತ್ತಿಕೊಂಡ. ಹೆಬ್ಬೆರಳಿನಿಂದ ಅದರ ಸುತ್ತ ಸವರಿದ. ಆಮೇಲೆ ‘ಮ’ವನ್ನು ಎತ್ತಿಕೊಂಡು ಸವರಿದ.

“ತಗುದ್ನಾ? ಅವ್ನೇ ತಗುದ್ನಾ ಕೂಸು?”

ನಾನು ಕಾಯಿಪಲ್ಯದ ತಟ್ಟೆ ಹಿಡಿದು ಒಳಗೆ ಹೋದೆ. ಅಪ್ಪ ಉತ್ತರಕ್ಕೆ ಕಾಯಲಿಲ್ಲ. ಬ್ರಶ್ಶುಗಳನ್ನು ಬದಿಗೆ ಸರಿಸಿ, ನಡುಮಧ್ಯದಲ್ಲಿ ಮಗನ ಅಕ್ಷರಗಳನ್ನು ಜೋಡಿಸಿ, ಒಂದೊಂದಕ್ಕೂ ಮೂರು ಬೆರಳಿನಿಂದ ವಿಭೂತಿ ಎಳೆದ. “ಅವ್ನು ಬರ್ಲಿ, ಆಮೇಲೆ ಮಂಗಳಾರತಿ” ಎಂದು ಬಾಗಿಲಿಗೆ ಮುಖ ಮಾಡಿ ಕೂತ. ಬಿಸಿಲು ನಡುಮನೆಗೆ ಬರುವ ಹೊತ್ತಿಗೆ ಮಾದೇವ ಬಂದ. ಹೊಸಿಲಲ್ಲೇ ನಿಂತು ಮಣೆ ನೋಡಿದ. ಅಪ್ಪ ಎದ್ದು, ಮುಖದ ತುಂಬ ನಗು ತುಂಬಿಕೊಂಡು, ಮಗನ ಹೆಗಲ ಮೇಲೆ ಕೈಯಿಟ್ಟ.

“ಈಗ ಅಕ್ಸರ ಆದ್ವು ಕಣ್ ಮಗಾ. ಬಾ, ಕೂತ್ಕೊ.”

ಮಗ ಮನಸ್ಸು ಬದಲಿಸಿದ ಎಂದು ಅಪ್ಪ ಹಿಗ್ಗಿದ್ದ. ಅಪ್ಪ ಅರ ಹಿಡಿದ ಎಂದು ಮಗ ತಿಳಿದ. ಇಬ್ಬರೂ ಮಾತಾಡಿಕೊಳ್ಳಲಿಲ್ಲ, ಪೂಜೆಯ ಮುಂದೆ ದನಿಯೆತ್ತುವುದು ನಮ್ಮ ಮನೆಯಲ್ಲಿ ಇರಲಿಲ್ಲ. ಮಾದೇವ ಕೂತ. ಮಂಗಳಾರತಿ ತೆಗೆದುಕೊಂಡ. ಅವ್ವ ಕಣ್ಣೊರೆಸಿಕೊಂಡಳು. ಆಮೇಲೆ ಅವನು ಅಡುಗೆಮನೆಗೆ ಬಂದು ನನ್ನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಮೆಲ್ಲಗೆ ಕೇಳಿದ:

“ಅಪ್ಪನೇ ಅಲ್ವೇನಕ್ಕ?”

ಇದನ್ನೆಲ್ಲ ಬರೆಯಲು ಕೂತದ್ದು ಆ ಒಂದು ಕ್ಷಣಕ್ಕಾಗಿ. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಊದುಗೊಳವೆ ಎತ್ತಿಕೊಂಡು ಒಲೆ ಊದಿದೆ. ಉರಿಯುತ್ತಿದ್ದ ಒಲೆಯನ್ನು ಮತ್ತೆ ಊದಿದೆ. ನನ್ನ ಕಣ್ಣಲ್ಲಿ ಬಂದ ನೀರು ತನ್ನ ಅಕ್ಷರಗಳಿಗಾಗಿ ಎಂದು ಅವನು ತಿಳಿದಿರಬೇಕು. ನಾನು ಮುಟ್ಟಿರಬಹುದೆಂಬ ಅನುಮಾನ ಅವನಿಗೆ ಬರಲೇ ಇಲ್ಲ. ತಲೆ ನೇವರಿಸಿ, “ಅಳ್ಬೇಡ ಬುಡಕ್ಕ” ಎಂದು ನನ್ನನ್ನೇ ಸಮಾಧಾನ ಮಾಡಿ ಎದ್ದುಹೋದ. ಮಣೆಯಿಂದ ಆ ಸೊನ್ನೆಯೊಂದನ್ನು ಎತ್ತಿ ಜೇಬಿಗೆ ಹಾಕಿಕೊಂಡ. ಪೂಜೆಗೆ ಇಟ್ಟದ್ದನ್ನು ಮುಟ್ಟಬೇಡ ಎಂದು ಅವ್ವ ಕೂಗಿದಳು. ಅವನು ಊಟಕ್ಕೆ ನಿಲ್ಲಲಿಲ್ಲ. ಹನೂರಿನ ಬಸ್ಸು ಹತ್ತಿದ.

ಅಲ್ಲಿಯೇ ನೆಲೆ ನಿಂತ. ಪ್ರೆಸ್ಸಿನ ಕೆಲಸವನ್ನೂ ಬಿಟ್ಟ. ಮರ ಮುಟ್ಟಲಿಲ್ಲ, ತಗಡು ಕತ್ತರಿಸಿ, ಬಣ್ಣ ಹಿಡಿದು, ಬಸ್ಸಿನ ಹಣೆ, ಲಾರಿಯ ಹಲಗೆ, ಟಾಕೀಸಿನ ಗೇಟುಗಳ ಮೇಲೆ ಅದೇ ಮೂಲೆ ಅಕ್ಷರ ಬರೆದ. ಅವನನ್ನು ನೋಡಿ ಬೇರೆಯವರೂ ಬರೆದರು. ಕೆಲವು ವರ್ಷಗಳಲ್ಲಿ ಯಳಂದೂರಿನ ಸೈಕಲ್ ಅಂಗಡಿಯಿಂದ ಹಿಡಿದು ಕೊಳ್ಳೇಗಾಲದ ಗೂಡಿನ ಮಂಡಿಯವರೆಗೆ ಎಲ್ಲಿ ನೋಡಿದರೂ ಅವು. ನನಗೆ ಕೊಳ್ಳೇಗಾಲದಲ್ಲೇ, ಅಪ್ಪನ ಮನೆಯಿಂದ ಎರಡು ಬೀದಿಯಾಚೆ ಮದುವೆಯಾಯಿತು. ಅವ್ವ ತೀರಿಕೊಂಡಾಗ ಮಾದೇವ ಬಂದು ಹೆಗಲು ಕೊಟ್ಟು, ಅಪ್ಪನ ಕಡೆ ನೋಡದೆ ಹೋದ. ಅಪ್ಪನ ಕಣ್ಣಿಗೆ ಪೊರೆ ಬಂತು. ಗೋಡೆಯ ಸೊನ್ನೆ ಸೇರದೆ ಹೋಗುತ್ತಿದ್ದ ದಿನಗಳು ಹೆಚ್ಚಾಗಿ, ಕೊನೆಗೆ ಬ್ರಶ್ಶು ತೊಳೆಯುವುದನ್ನೂ ಬಿಟ್ಟ. ಸಂಜೆ ನಾನು ಕೈ ಹಿಡಿದು ಬಸ್ ಸ್ಟ್ಯಾಂಡಿನವರೆಗೆ ಕರೆದುಕೊಂಡು ಹೋಗುತ್ತಿದ್ದೆ. ಅಲ್ಲಿ ಕಲ್ಲುಬೆಂಚಿನ ಮೇಲೆ ಕೂತು ಬಸ್ಸುಗಳ ಹಣೆ ನೋಡುತ್ತಿದ್ದ. ತಾನು ಬರೆದ ಎದುರಿನ ಅಂಗಡಿಯ ಬೋರ್ಡು ಅವನಿಗೆ ಕಾಣುತ್ತಿರಲಿಲ್ಲ.

“ಅನೂರು ಬಸ್ಸು ಬಂತು ಕಣವ್ವ. ಕಾಣ್ತದೆ. ಅಷ್ಟು ದೂರಕ್ಕೂ ಕಾಣ್ತದೆ.”

ಬಸ್ಸು ಹೊರಟ ಮೇಲೆ ದಿನವೂ ಅದೇ ಮಾತು ತೆಗೆಯುತ್ತಿದ್ದ:

“ಅವ್ನೇ ಮೂಲೆ ತಗುದ್ನಲ್ಲ ಗೌರಿ, ನಾನೂ ನಡುಮಣೆ ಮೇಲೆ ಇಟ್ನಲ್ಲ. ಆಮೇಲೆ ಯಾಕ್ ಓದ? ನಾನೇನಂದೆ ಅವ್ನಿಗೆ?”

“ಏನೂ ಅನ್ನಲಿಲ್ಲ ಕಣಪ್ಪಾ” ಎನ್ನುತ್ತಿದ್ದೆ. ಅದು ನಿಜವೇ. ಆ ನಿಜದ ಹಿಂದೆ ನಾನು ಅವಿತುಕೊಂಡಿದ್ದೆ. ಹೇಳಿದರೆ ಅಪ್ಪನಿಗಿದ್ದ ಒಂದೇ ಸಂತೋಷ, ಮಗ ಒಮ್ಮೆ ತನಗಾಗಿ ಬಾಗಿದ ಎಂಬುದು, ಹೋಗುತ್ತದೆ ಎಂದು ನೆಪ ಮಾಡಿಕೊಂಡೆ. ಹನೂರಿಗೆ ಹೋಗಿ ತಮ್ಮನಿಗೆ ಹೇಳುವುದಕ್ಕೆ ಅಂಥ ನೆಪವೂ ಇರಲಿಲ್ಲ. ಬಸ್ಸು ದಿನವೂ ಕಣ್ಣ ಮುಂದೆಯೇ ಹೊರಡುತ್ತಿತ್ತು.

ಅಪ್ಪನನ್ನು ಅವನ ಹುಟ್ಟೂರು ಮಾಂಬಳ್ಳಿಯ ನಮ್ಮ ತುಂಡು ಹೊಲದಲ್ಲಿ ಮಣ್ಣು ಮಾಡಿದೆವು. ತಿಥಿಯ ಕಾರ್ಯ ಮುಗಿದ ಮೇಲೆ ಮಾದೇವ ಒಂದು ಚಪ್ಪಡಿ ಕಲ್ಲು ತರಿಸಿ, ಅಪ್ಪನ ಹೆಸರು ಕೊರೆಯಲು ಕೂತ. ನಾನು ಬುತ್ತಿ ಹೊತ್ತು ಹೋದೆ. ‘ಗುರುಮಲ್ಲಪ್ಪ’ ಅಷ್ಟೂ ಆಗಿತ್ತು. ಒಂದೊಂದು ಗೆರೆಯೂ ನೇರ ಹೋಗಿ ಮುರಿದಿತ್ತು. ಅವನ ಕೂದಲಲ್ಲಿ ಕಲ್ಲಿನ ಪುಡಿಯೋ ನರೆಯೋ ತಿಳಿಯುತ್ತಿರಲಿಲ್ಲ. ತಲೆಯೆತ್ತಿ ನನ್ನನ್ನು ನೋಡಿ, ನಗುವ ಹಾಗೆ ಮಾಡಿದ.

“ಈ ಸಲ ಅಪ್ಪ ಅರ ತಕಂಡು ಬರಕಿಲ್ಲ ಬುಡು.”

ಆಗ ಹೇಳಿದೆ. ಬುತ್ತಿಯನ್ನು ಕೆಳಗಿಡದೆ, ನಿಂತ ಹಾಗೆಯೇ. ಅಪ್ಪನಲ್ಲ, ನಾನು. ಅಪ್ಪ ನೀನೇ ಮಾಡಿದೆ ಅಂತ ತಿಳಿದಿದ್ದ. ಸಾಯುವವರೆಗೂ ಹಾಗೇ ತಿಳಿದಿದ್ದ. ಬಸ್ ಸ್ಟ್ಯಾಂಡಿನಲ್ಲಿ ನಿನ್ನ ಅಕ್ಷರ ಓದುತ್ತಿದ್ದ. ಇಷ್ಟನ್ನು ಹೇಳಲು ಎಷ್ಟು ಹೊತ್ತು ಹಿಡಿಯಿತೋ ತಿಳಿಯದು. ಮಾದೇವ ಉಳಿಯನ್ನು ಮಣ್ಣಲ್ಲಿ ಒರೆಸಿ, ಮತ್ತೆ ಒರೆಸಿ, ಕೊನೆಗೆ ಕೇಳಿದ:

“ಯಾವ್ದ್ರಿಂದ ಸುರು ಮಾಡ್ದೆ?”

“ಸೊನ್ನೆಯಿಂದ.”

ಅವನು ಎದ್ದು ಹೊಲದ ಬದುವಿನವರೆಗೆ ಹೋಗಿ, ನನಗೆ ಬೆನ್ನು ಮಾಡಿ ಬಹಳ ಹೊತ್ತು ನಿಂತ. ವಾಪಸು ಬಂದು, ಕಲ್ಲಿನ ಮೈ ನುಣುಪು ಮಾಡಲು ಇಟ್ಟುಕೊಂಡಿದ್ದ ಉಜ್ಜುಗಲ್ಲನ್ನು ನನ್ನ ಕೈಗೆ ಕೊಟ್ಟ.

“ತಕೊ. ಇವನ್ನೂ ಉಜ್ಜು. ಅಪ್ಪನ್ಗೆ ಚುಚ್ಚಬಾರ್ದಲ್ಲ.”

ಕುಹಕವೋ, ಬೇಡಿಕೆಯೋ, ನನಗೆ ಇಂದಿಗೂ ಗೊತ್ತಿಲ್ಲ. ನಾನು ಮಂಡಿಯೂರಿ ‘ಗು’ವಿನ ಮೇಲೆ ಉಜ್ಜಿದೆ. ನೀರು ಚಿಮುಕಿಸಿ ಉಜ್ಜಿದೆ. ಕಲ್ಲಿನ ಮೈ ಹೊಳೆಯಿತು. ಅಕ್ಷರ ಹಾಗೆಯೇ ಇತ್ತು. ಮರದಲ್ಲಿ ಅಕ್ಷರ ಮೇಲೆದ್ದು ನಿಂತಿರುತ್ತದೆ, ಅದರ ಮೂಲೆ ಕೈಗೆ ಸಿಗುತ್ತದೆ. ಕಲ್ಲಿನಲ್ಲಿ ಅದು ಒಳಗಿಳಿದಿರುತ್ತದೆ. ನನ್ನ ಬೆರಳುಗಳಿಂದ ರಕ್ತ ಬಂದಾಗ ಮಾದೇವ ಉಜ್ಜುಗಲ್ಲನ್ನು ಕಿತ್ತುಕೊಂಡ.

“ಬುಡಕ್ಕ. ಒಳಗಿನ್ ಮೂಲೆಗೆ ಕೈ ಓಗಕಿಲ್ಲ.”

ಇಬ್ಬರೂ ಬುತ್ತಿ ಬಿಚ್ಚಿ ಉಂಡೆವು. ಆಮೇಲೂ ಅವನು ನಮ್ಮ ಮನೆಗೆ ಬಂದು ಹೋಗುತ್ತಿದ್ದ. ಮಕ್ಕಳನ್ನು ಮಾತಾಡಿಸುತ್ತಿದ್ದ, ಮುದ್ದೆ ಉಣ್ಣುತ್ತಿದ್ದ. ಆ ಮಾತು ತೆಗೆಯಲಿಲ್ಲ. ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ.

ಈಗಲೂ ವರ್ಷಕ್ಕೊಮ್ಮೆ ಮಾಂಬಳ್ಳಿಗೆ ಹೋಗಿ ಕಲ್ಲು ತೊಳೆಯುತ್ತೇನೆ. ಅಕ್ಷರದ ಮೂಲೆಗಳಲ್ಲಿ ಕೂತ ಮಣ್ಣನ್ನು ಕಡ್ಡಿಯಿಂದ ತೆಗೆದು, ವಿಭೂತಿ ಹಚ್ಚಿ, ಉಳಿದ ನೀರಿನಲ್ಲಿ ಬೆರಳದ್ದಿ, ಅಪ್ಪನ ಹೆಸರಿನ ಕೆಳಗೆ ಒಂದು ಸೊನ್ನೆ ಬರೆಯುತ್ತೇನೆ. ಉಸಿರು ಬಿಡದೆ, ಕೈ ಎತ್ತದೆ. ಬಿಸಿಲಿಗೆ ಅದು ಆರುವವರೆಗೂ ನೋಡುತ್ತ ಕೂರುತ್ತೇನೆ. ಸೇರಿರುವುದಿಲ್ಲ.